ತೊಳೆಯದ ಗಾಡಿ

ಆ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಗ್ಯಾಸಕ್ಕ ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಇಟ್ಟ ಹೆಸರಲ್ಲ ಅದು. ಕಾರಿನ ಎಸಿ ತಣ್ಣಗಾಗುತ್ತಿಲ್ಲ ಎಂದು ಬಂದವರು ಬಾಗಿಲಲ್ಲೇ ನಿಂತು, ಸ್ವಲ್ಪ ಗ್ಯಾಸ್ ಹಾಕಿಬಿಡಿ ಎನ್ನುತ್ತಾರೆ. ಬೇರೆ ಕಡೆ ಹಾಕಿಯೂ ಬಿಡುತ್ತಾರೆ. ಇವಳು ಹಾಕುತ್ತಿರಲಿಲ್ಲ. ಇದ್ದ ಗ್ಯಾಸು ಎಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದಳು. ಅದು ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ, ಕೊಳವೆಗಳ ಒಳಗೇ ಸುತ್ತುತ್ತಿರಬೇಕಾದದ್ದು. ಕಡಿಮೆಯಾಗಿದೆ ಎಂದರೆ ಎಲ್ಲೋ ದಾರಿ ಮಾಡಿಕೊಂಡು ಹೊರಬಿದ್ದಿದೆ, ಆ ದಾರಿ ಮುಚ್ಚದೆ ಮತ್ತೆ ತುಂಬುವುದು ಮೂರ್ಖರ ಕೆಲಸ ಎಂದು ಮುಖಕ್ಕೆ ಹೇಳುತ್ತಿದ್ದಳು. ಗಿರಾಕಿಗಳಿಗೆ ಪಾಠ ಬೇಕಿರಲಿಲ್ಲ. ಗ್ಯಾಸು ಹಾಕದವಳಿಗೆ ಗ್ಯಾಸಕ್ಕ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ಅವಳು ಆ ಹೆಸರಿಗೇ ಓಗೊಡತೊಡಗಿದ್ದರಿಂದ ಸೇಡಿನ ರುಚಿ ಬಹಳ ದಿನ ಉಳಿಯಲಿಲ್ಲ.

ವರ್ಕ್‌ಶಾಪು ಅವಳ ಅಪ್ಪ ಕಟ್ಟಿದ್ದು. ಎತ್ತರದ ತಗಡಿನ ಮಾಡು, ಮೂರು ಗಾಡಿಗಳು ಪಕ್ಕಪಕ್ಕ ನಿಲ್ಲುವಷ್ಟು ಜಾಗ, ಮೂಲೆಯಲ್ಲಿ ಗಾಜಿನ ಗೋಡೆಯ ಪುಟ್ಟ ಆಫೀಸು, ಕೆಳಗೆ ನುಣ್ಣನೆಯ ಸಿಮೆಂಟು ನೆಲ. ಆ ನೆಲದ ಮೇಲೆ ಅಪ್ಪನಿಗೆ ತನ್ನ ಇಬ್ಬರು ಮಕ್ಕಳ ಮೇಲೆ ಇದ್ದುದಕ್ಕಿಂತ ಹೆಚ್ಚು ನಿಗಾ. ಮೆಕ್ಯಾನಿಕ್ ಅಂಗಡಿ ಎಂದರೆ ಎಣ್ಣೆ, ಕೆಸರು, ಕರಿ ಬಟ್ಟೆ ಎಂದು ಜನ ಮೂಗು ಮುರಿಯುವುದನ್ನು ಸಹಿಸದೆ ಅವರು ಮೊದಲ ದಿನವೇ ಒಂದು ನಿಯಮ ಮಾಡಿದ್ದರು: ತೊಳೆಯದ ಗಾಡಿ ಒಳಗೆ ಬರಕೂಡದು. ಗೇಟಿನ ಪಕ್ಕದ ಇಳಿಜಾರಿನಲ್ಲಿ ಗಾಡಿ ನಿಲ್ಲಬೇಕು, ಮೇಲೂ ಕೆಳಗೂ ತೊಳೆಸಿಕೊಳ್ಳಬೇಕು, ನೀರು ಬಸಿದ ಮೇಲೆ ಒಳಗೆ ಬರಬೇಕು. ಕಣ್ಣು ಮಂಜಾಗಿ ಎಂಜಿನ್ ಕೆಲಸ ಬಿಟ್ಟ ಮೇಲೆ ತೊಳೆಯುವುದನ್ನು ಅವರೇ ವಹಿಸಿಕೊಂಡರು. ಮೊಣಕಾಲಿನವರೆಗೆ ರಬ್ಬರ್ ಬೂಟು, ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ಉದ್ದ ಹಿಡಿಯ ಬ್ರಶ್ಶು. ಜಿಡ್ಡು ಬಿಡದಿದ್ದರೆ ಸೀಮೆಎಣ್ಣೆ. ಗಾಡಿಯ ಹೊಟ್ಟೆಯನ್ನು ಅವರು ಉಜ್ಜಿದರೆಂದರೆ ಕಾರ್ಖಾನೆಯಿಂದ ಈಗ ತಾನೇ ಇಳಿದ ಹಾಗೆ ಕಾಣುತ್ತಿತ್ತು. ಬಗ್ಗಿ ನೋಡಿ, ಬಗ್ಗಿ ನೋಡಿ ಎಂದು ಗಿರಾಕಿಗಳನ್ನು ಪೀಡಿಸುತ್ತಿದ್ದರು.

ಅಂಗಡಿ ನಡೆಸುತ್ತಿದ್ದವನು ಅಣ್ಣ. ಅವನು ಎಂಜಿನ್ನಿಗಿಂತ ಮಾತಿನಲ್ಲಿ ಚುರುಕು. ಅದೂ ಅಂಗಡಿಗೆ ಬೇಕಾದದ್ದೇ. ತಂಗಿಗೆ ಮದುವೆಯಾಗಿತ್ತು, ಹೊಂದಲಿಲ್ಲ, ವಾಪಸು ಬಂದಳು. ಅದರಲ್ಲಿ ಕಥೆ ಏನೂ ಇಲ್ಲ. ಬಂದ ಮಾರನೆಯ ವಾರವೇ ಗ್ಯಾಸಿನ ಒತ್ತಡ ಅಳೆಯುವ ಅಪ್ಪನ ಹಳೆಯ ಗೇಜುಗಳನ್ನು ತೆಗೆದುಕೊಂಡು ಎಸಿ ಕೆಲಸಕ್ಕೆ ಕೂತಳು. ಕೂದಲು ನರೆಯುವ ಹೊತ್ತಿಗೆ ಮೂರನೆಯ ಜಾಗ ಅವಳದು ಎಂದು ಯಾರೂ ಹೇಳದೆಯೇ ಆಗಿಹೋಗಿತ್ತು. ಅದು ಹಾಗೇ ಉಳಿಯುತ್ತದೆಯೇ ಎಂಬ ಪ್ರಶ್ನೆ ಎದ್ದದ್ದು ಒಂದು ಬಿಳಿ ವ್ಯಾನಿನಿಂದ.

ವ್ಯಾನಿನ ಡ್ರೈವರ್ ವಿಮಾನ ನಿಲ್ದಾಣಕ್ಕೆ ಜನರನ್ನು ಕರೆದೊಯ್ಯುವವನು. ಅಂಥ ಉದ್ದನೆಯ ಗಾಡಿಯಲ್ಲಿ ಮುಂದಿನವರಿಗೆ ಒಂದು, ಹಿಂದಿನವರಿಗೆ ಒಂದು ಎಂದು ಎರಡು ಕೂಲಿಂಗ್ ಕಾಯಿಲ್ ಇರುತ್ತವೆ. ಎಂಜಿನ್ನಿನಿಂದ ಹಿಂಬದಿಗೆ ಹೋಗುವ ಕೊಳವೆಗಳು ಗಾಡಿಯ ಅಡಿಯಲ್ಲೇ ಸಾಗುತ್ತವೆ. ಗ್ಯಾಸು ಸ್ವಲ್ಪ ಇಳಿದರೂ ಆ ವ್ಯಾನಿನಲ್ಲಿ ಮೊದಲು ಸೊರಗುವುದು ಹಿಂದಿನದು.

“ಮುಂದೆ ಕೂತವರು ಶಾಲು ಕೇಳ್ತಾರೆ, ಹಿಂದೆ ಕೂತವರು ಬೀಸಣಿಗೆ ಕೇಳ್ತಾರೆ,” ಎಂದ ಡ್ರೈವರ್. “ಒಂದೇ ಗಾಡೀಲಿ ನಾನು ಎರಡು ಕಾಲ ಓಡಿಸ್ತಾ ಇದೀನಿ ಅಕ್ಕ.”

ಹಿಂದಿನ ಎಸಿ ಕೆಟ್ಟು ಬಂದ ಗಾಡಿಯ ಬಾನೆಟ್ಟನ್ನು ಅವಳು ಮೊದಲಿಗೆ ತೆರೆಯುವವಳಲ್ಲ. ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಎಂಜಿನ್ ಓಡಿಸಲು ಹೇಳಿ, ಸುಮ್ಮನೆ ಕಾಯುತ್ತಿದ್ದಳು. ಗಾಳಿಯೇ ಬಾರದಿದ್ದರೆ ಫ್ಯಾನಿನ ದೋಷ. ಗಾಳಿ ಬಂದರೂ ಉಸಿರು ಕಟ್ಟಿದಂತೆ ಬಂದರೆ ಕಾಯಿಲಿನಲ್ಲಿ ಧೂಳು ಕೂತಿದೆ. ಒಂದು ಬದಿ ತಂಪು, ಒಂದು ಬದಿ ಬಿಸಿ ಇದ್ದರೆ ಒಳಗಿನ ಮುಚ್ಚಳ ಸಿಕ್ಕಿಕೊಂಡಿದೆ. ಈ ವ್ಯಾನಿನಲ್ಲಿ ಗಾಳಿ ಧಾರಾಳವಾಗಿ ಬರುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಗೇಜು ಹಚ್ಚಿದರೆ ಗ್ಯಾಸು ಕಡಿಮೆ. ಕೊಳವೆಗಳ ಉದ್ದಕ್ಕೂ ಸೋಪಿನ ನೀರು ಹಚ್ಚಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಸೋರಿದ ಕಡೆ ನೀಲಿ ದೀಪಕ್ಕೆ ಹಸಿರಾಗಿ ಹೊಳೆಯುವ ಬಣ್ಣವನ್ನು ಒಳಗೆ ಬಿಟ್ಟು, ಅದು ಸುತ್ತಿ ದಾರಿ ತೋರಿಸಲೆಂದೇ ಗ್ಯಾಸು ತುಂಬಿ ಕಳಿಸಿದಳು.

ಎರಡನೆಯ ಸಲ ಬಂದಾಗ ಅಡಿಯಲ್ಲಿ ನೀಲಿ ದೀಪ ಹಿಡಿದು ಮೂಲೆ ಮೂಲೆ ನೋಡಿದಳು. ಎಲ್ಲಿಯೂ ಹಸಿರಿಲ್ಲ. ಅಡಿಯ ಕೊಳವೆಗಳಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಹಿಂಬದಿಯ ಪ್ಯಾನೆಲಿನ ಒಳಗೇ ಇರಬೇಕು ಎಂದು ತೀರ್ಮಾನಿಸಿ, ಸೀಟು ಕಿತ್ತು, ಪ್ಯಾನೆಲು ಬಿಚ್ಚಿ, ಕಾಯಿಲಿನ ಬಾಯಿಯ ವಾಲ್ವನ್ನೂ ರಬ್ಬರ್ ಉಂಗುರಗಳನ್ನೂ ಬದಲಾಯಿಸಿದಳು. ಇನ್ನು ಇದು ಬಂದರೆ ನನ್ನನ್ನು ಕೇಳಿ ಎಂದು ಎದೆ ತಟ್ಟಿ ಹೇಳಿದಳು.

ಅದು ಬಂತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಡ್ರೈವರ್ ಏನು ಹೇಳಿದ್ದನೋ, ಅಣ್ಣನಿಗೆ ಬೇರೆ ಡ್ರೈವರುಗಳು ಫೋನು ಮಾಡಿ, ನಿಮ್ಮ ತಂಗಿ ವ್ಯಾನಿನ ಹಿಂದಿನ ಸೀಟಲ್ಲಿ ಇನ್ನೂ ಕೂತೇ ಇದಾರಾ ಎಂದು ವಿಚಾರಿಸತೊಡಗಿದ್ದರು.

ಮೂರನೆಯ ಸಲ ಬಂದ ಆ ಬೆಳಿಗ್ಗೆ ಅವಳು ಚಕ್ರದ ಹಲಗೆಯ ಮೇಲೆ ಮಲಗಿ ವ್ಯಾನಿನ ಕೆಳಗೆ ಸರಿದಳು. ಅಪ್ಪ ಆಗಷ್ಟೇ ತೊಳೆದು ಕಳಿಸಿದ್ದ ಗಾಡಿ. ಹನಿಯೊಂದು ಅವಳ ಹಣೆಯ ಮೇಲೆ ಬಿತ್ತು. ತಲೆಯ ಮೇಲೆ ಕೊಳವೆಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುತ್ತಿರುತ್ತದೆ. ಸೋರಿದಾಗ ಗ್ಯಾಸು ಹಾರಿಹೋಗುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ, ರಸ್ತೆಯ ಧೂಳು ಅದಕ್ಕೆ ಅಂಟಿ ಕರಿ ಕಲೆಯಾಗುತ್ತದೆ. ಅವಳು ಬಿಟ್ಟ ಬಣ್ಣವೂ ಆ ಎಣ್ಣೆಯಲ್ಲೇ ಬೆರೆತು ಬರಬೇಕು. ಇದು ಎಸಿ ಕೆಲಸದ ಅ ಆ ಇ ಈ. ಅಷ್ಟು ಗೊತ್ತಿದ್ದೂ ಅವಳು ಇಷ್ಟು ದಿನ ಒರೆಸಿದ ಸ್ಲೇಟಿನಲ್ಲಿ ಲೆಕ್ಕದ ತಪ್ಪು ಹುಡುಕುತ್ತಿದ್ದಳು. ಕಲೆಯೂ ಬಣ್ಣವೂ ಪ್ರತಿ ಸಲ ಗೇಟಿನಲ್ಲೇ ತೊಳೆದುಹೋಗಿರುತ್ತಿದ್ದವು. ತೊಳೆಯುವುದು ಹುಟ್ಟಿದಾಗಿನಿಂದ ಕಂಡ ನಿಯಮ. ಅದು ಕಣ್ಣಿಗೆ ಬೀಳಲೇ ಇಲ್ಲ.

ಹಾಗೇ ಎದ್ದು ಗೇಟಿಗೆ ಹೋಗಿ ಅಪ್ಪನಿಗೆ ವಿಷಯ ಹೇಳಿದಳು. ಎಸಿ ಗಾಡಿಗಳ ಅಡಿಗೆ, ತಾನು ನೋಡುವವರೆಗೆ, ನೀರು ಬಿಡುವುದು ಬೇಡ ಎಂದಳು. ಅಪ್ಪ ಪೈಪಿನ ನೀರು ನಿಲ್ಲಿಸಲೂ ಇಲ್ಲ.

“ನಾನು ಬದುಕಿರೋವರೆಗೆ ಕೊಳಕು ಗಾಡಿ ಆ ನೆಲ ಮುಟ್ಟಲ್ಲ,” ಎಂದರು.

“ಹಾಗಾದ್ರೆ ನೀವು ಬದುಕಿರುವಾಗಲೇ ಮುಟ್ಟುತ್ತೆ,” ಎಂದಳು ಮಗಳು.

ಆಫೀಸಿನಲ್ಲಿದ್ದ ಅಣ್ಣನಿಗೆ ಇದು ಕೇಳಿಸಿತು. ವಯಸ್ಸಾದವರಿಗೆ ಉಳಿದಿರುವ ಒಂದೇ ಕೆಲಸಕ್ಕೆ ಕಲ್ಲು ಹಾಕಬೇಡ, ನಿನ್ನ ಕೈಲಾಗದ್ದಕ್ಕೆ ಅಪ್ಪನ ಬ್ರಶ್ಶನ್ನು ದೂರಬೇಡ ಎಂದು ಅವನು ಬಹಳ ಹೇಳಿದ. ಅದರಲ್ಲಿ ಅರ್ಧ ನಿಜವಿತ್ತು. ಅಪ್ಪನಿಗೆ ಬೇರೆ ಕೆಲಸ ಇರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಅವಳಿಗೂ ಬೇರೆ ಕೆಲಸ ಇರಲಿಲ್ಲ.

“ಈ ವ್ಯಾನ್ ಇನ್ನೊಂದು ಸಲ ಬಂದ್ರೆ ಸ್ಪ್ಯಾನರ್ ಕೆಳಗಿಡು,” ಎಂದ ಅಣ್ಣ. “ಆಫೀಸಲ್ಲಿ ಕೂತು ಫೋನ್ ತಗೋ. ಶೋರೂಮಿನವನೊಬ್ಬ ಬರ್ತೀನಿ ಅಂತಿದಾನೆ, ನಿನ್ನ ಜಾಗ ಅವನಿಗೆ ಕೊಡ್ತೀನಿ.”

“ಇನ್ನೊಂದು ಸಲ ಬರುತ್ತೆ. ನಾನೇ ಬರೋಕೆ ಹೇಳ್ತೀನಿ.”

“ತಲೆ ಕೆಟ್ಟಿದೆಯಾ ನಿಂಗೆ?”

“ತಲೆ ಸರಿ ಇದೆ. ಗಾಡಿ ಕೆಟ್ಟಿದೆ.”

ಅವಳು ಗ್ಯಾಸು ತುಂಬಿ, ಡ್ರೈವರನ್ನು ಪಕ್ಕಕ್ಕೆ ಕರೆದು, ಎಂದಿನ ಹಾಗೆ ಓಡಿಸು, ಹಿಂದೆ ಬಿಸಿಯಾದ ದಿನ ನೇರವಾಗಿ ಬಾ, ಅಲ್ಲಿಯವರೆಗೆ ಮನೆಯಲ್ಲೂ ತೊಳೆಯಬೇಡ ಎಂದು ಹೇಳಿದಳು. ನನ್ನ ಹೆಂಡತಿಗೂ ಇದನ್ನು ಹೇಳಿ, ಮನೆ ತೊಳೆಯುವುದು ತಪ್ಪುತ್ತದೆ ಎಂದು ಅವನು ನಕ್ಕ. ಇವಳು ನಗಲಿಲ್ಲ. ಆ ದಿನಗಳಲ್ಲಿ ಅಪ್ಪ ಮಗಳ ನಡುವೆ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ವ್ಯಾನು ಬಂದ ದಿನ ಅದನ್ನು ಬಿಳಿ ಎಂದು ಕರೆಯುವ ಹಾಗಿರಲಿಲ್ಲ. ಚಕ್ರದಿಂದ ಕಿಟಕಿಯವರೆಗೆ ಮಣ್ಣು. ಅಪ್ಪ ಇಳಿಜಾರಿನಲ್ಲಿ ಪೈಪು ಹಿಡಿದು ನಿಂತಿದ್ದರು. ಆಫೀಸಿನ ಗಾಜಿನ ಹಿಂದೆ ಅಣ್ಣ, ಅವನ ಎದುರು ಇಸ್ತ್ರಿ ಅಂಗಿಯ ಇಬ್ಬರು ಗಿರಾಕಿಗಳು. ಗ್ಯಾಸಕ್ಕ ಹೊರಗೆ ಬಂದು ಡ್ರೈವರನ್ನು ಇಳಿಸಿ, ತಾನೇ ಸ್ಟೇರಿಂಗ್ ಹಿಡಿದಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದು ದಾರಿಗೆ ಅಡ್ಡವಾದರು. ಅವಳು ಗಾಡಿ ನಿಲ್ಲಿಸಿದಳು, ಎಂಜಿನ್ ನಿಲ್ಲಿಸಲಿಲ್ಲ, ಹಾರ್ನೂ ಹೊಡೆಯಲಿಲ್ಲ. ಕಿಟಕಿಯಿಂದ ತಲೆ ಹೊರಗಿಟ್ಟಳು.

“ಅಪ್ಪ, ಪಕ್ಕಕ್ಕೆ ಬನ್ನಿ. ಇವತ್ತು ಒಂದು ದಿನ ನನ್ನ ಮಾತು ನಡೀಲಿ. ತಪ್ಪಾದ್ರೆ ನೆಲ ನಾನೇ ಒರೆಸಿ ಆಫೀಸಲ್ಲಿ ಹೋಗಿ ಕೂತ್ಕೋತೀನಿ.”

ಅವರು ಪಕ್ಕಕ್ಕೆ ಬಂದದ್ದು ಒಪ್ಪಿ ಅಲ್ಲ. ಅಡ್ಡ ನಿಂತರೆ ಮಗಳು ಇಡೀ ದಿನ ಹಾಗೇ ಕೂತಿರುತ್ತಾಳೆ ಎಂದು ಗೊತ್ತಿದ್ದರಿಂದ. ವ್ಯಾನು ನುಣ್ಣನೆಯ ನೆಲದ ಮೇಲೆ ಎರಡು ಉದ್ದ ಕೆಸರಿನ ಗೆರೆ ಎಳೆದುಕೊಂಡು ಮೂರನೆಯ ಜಾಗಕ್ಕೆ ಬಂದು ನಿಂತಿತು. ಗಾಜಿನ ಬಾಗಿಲು ತೆರೆದು ಅಣ್ಣ ಧಾವಿಸಿ ಬಂದ. ಇದೇನು ವರ್ಕ್‌ಶಾಪೋ ಎಮ್ಮೆ ಕೊಟ್ಟಿಗೆಯೋ ಎಂದು ಗಿರಾಕಿಗಳ ಎದುರೇ ಕೇಳಿದ. ಅವಳು ಟಾರ್ಚು ಕಚ್ಚಿಕೊಂಡು ಆಗಲೇ ಅರ್ಧ ಒಳಗೆ ಸರಿದಿದ್ದಳು.

ಅಡಿಯಲ್ಲೆಲ್ಲ ಒಣಗಿದ ಮಣ್ಣು, ಒಂದೇ ಬೂದು ಬಣ್ಣ. ಎಂಜಿನ್ನಿನ ಕಡೆಯಿಂದ ಶುರುಮಾಡಿ ಕೊಳವೆಯ ಜೊತೆಜೊತೆಗೇ ಹಿಂದಕ್ಕೆ ಸರಿದಳು. ಗೇಣುಗೇಣು ನೋಡುತ್ತ ಮಧ್ಯದವರೆಗೆ ಬಂದರೂ ಏನಿಲ್ಲ. ಮಧ್ಯ ದಾಟಿದರೂ ಏನಿಲ್ಲ. ಎಡಗಡೆಯ ಹಿಂದಿನ ಚಕ್ರದ ಮುಂದೆ, ಕೊಳವೆಯನ್ನು ಗಾಡಿಯ ತಳಕ್ಕೆ ಬಿಗಿದ ಕ್ಲಾಂಪಿನ ಹತ್ತಿರ, ಬೂದು ಮಣ್ಣಿನ ನಡುವೆ ಅಂಗೈಯಗಲ ಕರಿ ಕಲೆ. ಮುಟ್ಟಿದರೆ ಜಿಗುಟು. ನೀಲಿ ದೀಪ ಹಿಡಿದರೆ ಕಲೆಯ ಅಂಚು ಹಸಿರಾಗಿ ಹೊಳೆಯಿತು. ಕ್ಲಾಂಪು ಸಡಿಲಿಸಿದಳು. ಒಳಗಿನ ರಬ್ಬರು ಎಂದೋ ಉದುರಿಹೋಗಿ ಕಬ್ಬಿಣ ನೇರವಾಗಿ ಕೊಳವೆಯನ್ನು ತಿಂದಿತ್ತು. ಗಾಡಿ ನಿಂತಾಗ ಬಾಯಿ ಮುಚ್ಚಿಕೊಂಡು, ಜನ ತುಂಬಿ ಕುಲುಕಿದಾಗ ಮಾತ್ರ ಬಾಯಿ ಬಿಡುವ ಕೂದಲೆಳೆಯಂಥ ಸೀಳು. ಸೋಪಿನ ನೀರಿಗೆ ಅದು ಸಿಕ್ಕುವಂಥದ್ದಲ್ಲ.

ಅವಳು ಹೊರಗೆ ಸರಿದು ಬಂದು ಅಣ್ಣನ ಕಡೆ ನೋಡಲಿಲ್ಲ. ಹಲಗೆಯನ್ನು ಅಪ್ಪನ ಕಡೆ ತಳ್ಳಿದಳು. ಅವರು ಬೂಟು ಬಿಚ್ಚಿ, ಮಂಡಿ ಹಿಡಿದುಕೊಂಡು ಮಲಗಿ, ಒಳಗೆ ಹೋದರು. ಟಾರ್ಚಿನ ಬೆಳಕು ಬಹಳ ಹೊತ್ತು ಒಂದೇ ಕಡೆ ನಿಂತಿತು. ಒಳಗಿನಿಂದಲೇ ಅವರ ಮಾತು ಬಂತು.

“ಇದು ನಂಗೆ ಗೊತ್ತು. ಪ್ರತಿ ಸಲ ಇಲ್ಲೇ ಜಿಡ್ಡಿರ್ತಿತ್ತು. ಹೋದ ಸಲ ಸೀಮೆಎಣ್ಣೆ ಹಾಕಿ ತೆಗೆದೆ.”

ತಪ್ಪು ಎಲ್ಲಿದೆ ಎಂದು ಆ ಅಂಗಡಿಯಲ್ಲಿ ವ್ಯಾನು ಬಂದ ಮೊದಲ ದಿನದಿಂದ ಗೊತ್ತಿದ್ದವರು ಅಪ್ಪ ಒಬ್ಬರೇ. ಅದು ತಪ್ಪು ಎಂದು ಅವರಿಗೆ ಗೊತ್ತಿರಲಿಲ್ಲ. ಅವರನ್ನು ಕೇಳಬೇಕೆಂದು ಮಗಳಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೆ ವಾಲ್ವು ಬದಲಾಯಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಇದನ್ನು ಅವಳು ಡ್ರೈವರನ ಎದುರಿಗೇ, ಒಂದಕ್ಷರ ತಗ್ಗಿಸದೆ ಹೇಳಿದಳು.

ಅಣ್ಣ ಒಂದು ತೀರ್ಪು ಕೊಡಲು ನೋಡಿದ. ಶೋರೂಮಿನವನ ಮಾತು ಬಿಡೋಣ, ಆದರೆ ಇನ್ನು ಮೇಲೆ ಎಸಿ ಗಾಡಿಗಳನ್ನು ಅವಳು ಹೊರಗಿನ ಅಂಗಳದಲ್ಲಿ ನೋಡಲಿ, ನೆಲವೂ ಉಳಿಯುತ್ತದೆ, ಅಪ್ಪನೂ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲಿ ಎಂದ. ಎಲ್ಲರನ್ನೂ ಸಮಾಧಾನಪಡಿಸುವ ಮಾತು ಎಂದು ಅವನೇ ಅಂದುಕೊಂಡಿದ್ದ.

“ಬಿಸಿಲಲ್ಲಿ ನಾನ್ಯಾಕೆ ಮಲಗಲಿ?” ಎಂದಳು ಅವಳು. “ಗಾಡಿ ಒಳಗೇ ಬರುತ್ತೆ, ಬಂದ ಹಾಗೇ ಬರುತ್ತೆ. ನಾನು ನೋಡಿದ ಮೇಲೆ ಹೊರಗೆ ಹೋಗಿ ತೊಳೆಸ್ಕೊಂಡು ಬರುತ್ತೆ. ಅಪ್ಪನ ಕೆಲಸ ತೆಗೀ ಅಂತ ನಾನು ಹೇಳಿಲ್ಲ, ನೀನೂ ಹೇಳ್ಬೇಡ. ಬೇರೆ ಗಾಡಿ ತೊಳೆಯುವಾಗ ಎಲ್ಲಾದ್ರೂ ಜಿಡ್ಡು ಕಂಡ್ರೆ, ಬ್ರಶ್ ಹಚ್ಚೋಕೆ ಮುಂಚೆ ನನ್ನನ್ನ ಕೂಗ್ತಾರೆ.”

“ನಿನ್ನನ್ನ ಕೂಗೋಕೆ ನಾನೇನು ನಿನ್ನ ಕೈ ಕೆಳಗಿನವನಾ?” ಎಂದರು ಅಪ್ಪ, ಬೂಟು ಹಾಕಿಕೊಳ್ಳುತ್ತ.

“ಮತ್ತಿನ್ನೇನು? ಇಷ್ಟು ವರ್ಷ ನಾನು ನಿಮ್ಮ ಕೈ ಕೆಳಗಿರಲಿಲ್ವಾ?”

ಅವರು ಬೂಟು ಕುಟ್ಟಿಕೊಂಡು ಇಳಿಜಾರಿಗೆ ಹೋದರು. ಅವಳು ಹಳೆಯ ಕೊಳವೆ ಕತ್ತರಿಸಿ ಹೊಸ ತುಂಡು ಕೂಡಿಸಿ, ರಬ್ಬರ್ ಇಟ್ಟು ಕ್ಲಾಂಪು ಬಿಗಿದು, ವ್ಯಾನನ್ನು ಸಂಜೆಗೆ ಕಳಿಸಿದಳು. ನೆಲದ ಕೆಸರನ್ನು ಅವಳು ಒರೆಸಲಿಲ್ಲ. ಸೋತರೆ ಒರೆಸುತ್ತೇನೆ ಎಂದಿದ್ದಳು, ಸೋತಿರಲಿಲ್ಲ. ಗೊಣಗುತ್ತ ಅಣ್ಣನೇ ಒರೆಸಿದ.

ಮಾರನೆಯ ದಿನ ಹಿಂದಿನ ಸೀಟಿಗೆ ತಂಪು ಬರುವುದಿಲ್ಲ ಎಂದು ಇನ್ನೊಂದು ಕಾರು ಬಂತು. ಧೂಳು ಹೊತ್ತುಕೊಂಡೇ ಮೂರನೆಯ ಜಾಗಕ್ಕೆ ಹೋಯಿತು. ಅವಳು ಹಿಂದಿನ ಸೀಟಿನಲ್ಲಿ ಕೂತಳು, ಇಳಿದಳು, ಅಡಿಗೆ ಸರಿದಳು. ಅಪ್ಪ ಪೈಪಿನ ಬಾಯಿ ಹೆಬ್ಬೆರಳಿನಿಂದ ಒತ್ತಿಕೊಂಡು ಇಳಿಜಾರಿನಲ್ಲಿ ನಿಂತೇ ಇದ್ದರು. ನೀರು ಬೆರಳ ಸಂದಿಯಿಂದ ಅವರ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಇನ್ನೂ ಎಷ್ಟು ಹೊತ್ತು ನಿಲ್ಲಿಸ್ತೀಯ ನನ್ನನ್ನ?” ಎಂದು ಅವರು ಗದರಿದರು.

“ನೋಡ್ತಾ ಇದೀನಿ. ನಿಂತಿರಿ,” ಎಂದಳು ಅವಳು ಕಾರಿನ ಕೆಳಗಿನಿಂದ.