ಸೊಂಟಪಟ್ಟಿಯ ಅರಿಶಿನ

ನನ್ನ ಅಪ್ಪ ಕಡಕೊಳದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಆಯಸ್ಸು ಕಳೆದವರು. ಕಾರ್ಖಾನೆಯಿಂದ ಹೊಸ ನೀಲಿ ಯೂನಿಫಾರಂ ಬಂದಾಗಲೆಲ್ಲ ಅಮ್ಮ ಅದನ್ನು ದೇವರ ಮುಂದಿಟ್ಟು, ಪ್ಯಾಂಟಿನ ಸೊಂಟಪಟ್ಟಿಯ ಒಳಮಗ್ಗುಲಿಗೆ ನೀರಲ್ಲಿ ಕಲಸಿದ ಅರಿಶಿನದ ಬೊಟ್ಟು ಹಚ್ಚುತ್ತಿದ್ದಳು. ಹೊಸ ಬಟ್ಟೆಯನ್ನು ಹಾಗೇ ಮೈಗೆ ಹಾಕಬಾರದೆಂಬುದು ನಮ್ಮ ಮನೆಯ ಪದ್ಧತಿ. ಮೊದಲ ಒಗೆತದಲ್ಲಿ ಸೋಪು ತಗುಲಿ ಆ ಬೊಟ್ಟು ಕೆಂಪಾಗುತ್ತಿತ್ತು. ಅಪ್ಪ ಅದನ್ನು ನನಗೆ ತೋರಿಸಿ, "ನಿಮ್ಮಮ್ಮ ಸೀಲ್ ಒತ್ತವ್ಳೆ ನೋಡು, ಇನ್ನು ಮಿಷಿನ್ ನನ್ನ ತಂಟೆಗೆ ಬರಲ್ಲ" ಎನ್ನುತ್ತಿದ್ದರು.

ಅಪ್ಪ ತೀರಿಹೋದ ಮೇಲೆ ಅಮ್ಮ ದೇವರ ಮುಂದಿನ ಅರಿಶಿನದ ಬಟ್ಟಲು ಮುಟ್ಟುವುದನ್ನೇ ಬಿಟ್ಟಳು. ಸಾರಿಗೆ ಅರಿಶಿನ ಹಾಕುವ ಕೈ ಬಟ್ಟೆಗೆ ಹಚ್ಚಿದರೆ ಅದೇನು ಕೆಡುತ್ತದೋ ನನಗಂತೂ ತಿಳಿಯದು. ಯುಗಾದಿಗೆ ನನ್ನ ಹೊಸ ಚೂಡಿದಾರಕ್ಕೆ ಬೊಟ್ಟಿಡಲು ಪಕ್ಕದ ಮನೆಯವರನ್ನು ಕರೆದು, ತಾನು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳಿಗೆ ಯಾರೂ ಬೇಡವೆಂದಿರಲಿಲ್ಲ, ಹಚ್ಚು ಎಂದೂ ಅಂದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಈಚೆಗೆ ನಜರ್‌ಬಾದಿನಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಮರಗೆಲಸ ಶುರುಮಾಡಲು ಹೊರಟೆ. ಮೊದಲ ದಿನದ ಬಟ್ಟೆಗೆ ಅಮ್ಮನ ಕೈಯ ಬೊಟ್ಟೇ ಬೇಕು, ಬೇರೆಯವರದಾದರೆ ಬೇಡವೇ ಬೇಡ ಎಂದು ನಿಶ್ಚಯಿಸಿಕೊಂಡಿದ್ದೆ.

ಲಷ್ಕರ್ ಮೊಹಲ್ಲಾದ ಅಂಗಡಿಯಲ್ಲಿ ಕೆಲಸಕ್ಕೆ ತಾಳುವ ಜೀನ್ಸ್ ಕೇಳಿದೆ. ಅಂಗಡಿಯವರು ಎರಡನ್ನು ಹರಡಿದರು. ಒಂದು ಕಡುನೀಲಿ, ನಿಲ್ಲಿಸಿದರೆ ನಿಲ್ಲುವಷ್ಟು ಬಿರುಸು. ಇನ್ನೊಂದು ಹಳೇ ಕಾಲದ ಮಾದರಿಯದು. ಸೊಂಟ ಎತ್ತರ, ಕಾಲು ಅಗಲ, ತೊಡೆಯ ಮೇಲೆ ಬಣ್ಣ ಮಾಸಿತ್ತು.

"ಹೊಸದೇ ಮೇಡಂ. ಮಾಸಿದಂಗೆ ಕಂಪ್ನಿಯವ್ರೇ ಮಾಡಿ ಕಳಿಸ್ತಾರೆ. ಈಗ ಇದೇ ಓಡ್ತಿರೋದು" ಎಂದರು.

ದುಡಿಯದೆ ದುಡಿದ ಗುರುತು ಕೊಂಡುಕೊಳ್ಳುವವರನ್ನು ಕಂಡರೆ ನನಗಾಗದು. ಕಡುನೀಲಿಯದನ್ನೇ ಕೊಡಿ ಎನ್ನಲು ಬಾಯಿ ತೆರೆದಿದ್ದೆ. ಆದರೆ ಯಂತ್ರಕ್ಕೆ ಒರಗಿ ಒರಗಿ ಅಪ್ಪನ ಪ್ಯಾಂಟು ಬೆಳ್ಳಗಾಗುತ್ತಿದ್ದದ್ದೂ ಅದೇ ಜಾಗದಲ್ಲಿ. ಮಾಸಿದ ತೊಡೆಯ ಮೇಲಿಟ್ಟ ಕೈ ಅಲ್ಲೇ ನಿಂತಿತು. ಮಾಸಿದ್ದನ್ನೇ ಕೊಂಡೆ.

ಮನೆಯಲ್ಲಿ ಅಮ್ಮ ಅದನ್ನು ಬಿಡಿಸಿ, "ಇದೇನೇ, ಯಾರೋ ಹಾಕ್ಕೊಂಡು ಬುಟ್ಟಿದ್ದನ್ನ ತಂದಿದೀಯಾ?" ಎಂದಳು.

"ಹೊಸದಮ್ಮ. ನಾಳೆ ಕೆಲಸ ಶುರು. ನೀನೇ ಅರಿಶಿನ ಹಚ್ಚಬೇಕು."

ಅಮ್ಮನ ಮುಖ ಇಳಿಯಿತು. "ಒಳ್ಳೆ ಕೆಲಸಕ್ಕೆ ಹೋಗೋವಾಗ ನನ್ ಕೈ ಯಾಕೆ ಕಣೇ? ಪಕ್ಕದ ಮನೆಯೋರ್ನ ಕರೀತೀನಿ, ಇರು."

"ಹಂಗಾದ್ರೆ ಬೊಟ್ಟೇ ಬೇಡ. ಹಂಗೇ ಹಾಕ್ಕೊಂಡು ಹೋಗ್ತೀನಿ."

ಅಮ್ಮ ಜೀನ್ಸಿನ ಮಾಸಿದ ತೊಡೆಯ ಮೇಲೆ ಅಂಗೈಯಾಡಿಸುತ್ತಾ ಕೂತಳು. ಅವಳಿಗೂ ಅಪ್ಪನ ಪ್ಯಾಂಟು ನೆನಪಾಗಿರಬೇಕು. ನನಗೆ ಅಳು ಬಂತು, ತಡೆದುಕೊಂಡೆ. ಸೊಂಟದ ಬಳಿ ಅಂಗಡಿಯ ಬೆಲೆ ಚೀಟಿ ಇನ್ನೂ ನೇತಾಡುತ್ತಿತ್ತು. ಅಮ್ಮ ಅದನ್ನು ನೋಡಿದಳು. ಮೆಲ್ಲಗೆ ಮಡಿಚಿ ಜೇಬಿನೊಳಗೆ ತಳ್ಳಿದಳು.

"ಹಳೇದು ತಾನೇ ಇದು" ಎಂದಳು, ನನ್ನ ಕಡೆ ನೋಡದೆ. "ಹಳೇದಕ್ಕೆ ನಾನು ಹಚ್ಚಿದ್ರೆ ಯಾರೇನ್ ಅಂತಾರೆ?"

"ಹೂಂ, ಹಳೇದೇ ಕಣಮ್ಮ" ಎಂದೆ.

ಬಟ್ಟಲಲ್ಲಿದ್ದ ಅರಿಶಿನ ಗಂಟುಕಟ್ಟಿತ್ತು. ಅಮ್ಮ ಅದನ್ನು ಬೆರಳಲ್ಲಿ ಒಡೆದು, ನೀರು ಹನಿಸಿ, ಸೊಂಟಪಟ್ಟಿಯ ಒಳಮಗ್ಗುಲಿಗೆ ಹಚ್ಚಿದಳು.