ಅನಂತರಾಜು ಮರೆತ ಪೆಟ್ರೋಲು

ಗಂಗಾನಗರದ ಮೆಕ್ಯಾನಿಕ್ ಅನಂತರಾಜು ಅವರ ಗ್ಯಾರೇಜಿಗೆ ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರು ತಂದವರೆಲ್ಲ ಯಾವ ಪೆಟ್ರೋಲು ಒಳ್ಳೇದು ಅಂತ ಕೇಳೋರು. "ಕಂಪನಿಯವರು ಹೇಳಿರೋ ಆಕ್ಟೇನ್ ಸಾಕು ಕಣ್ರೀ. ಇಂಜಿನ್ ಒಳಗಿನ ಒತ್ತಡಕ್ಕೆ ಪೆಟ್ರೋಲು ತಾನಾಗೇ ಹೊತ್ಕೋಬಾರದು, ಅದನ್ನ ತಡೆಯೋ ಶಕ್ತೀನೇ ಆಕ್ಟೇನ್. ಜಾಸ್ತಿದು ಹಾಕಿಸಿದ್ರೆ ಮೈಲೇಜೇನೂ ಏರಲ್ಲ," ಅನ್ನೋರು. ಮಗಳು ವೇದಾ ಹೈಬ್ರಿಡ್ ಕಾರು ಕೊಂಡಿದ್ದೂ ಅವರ ಮಾತು ಕೇಳಿಯೇ.

ಕಳೆದ ವರ್ಷ ಒಂದು ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಆ ಕಾರಿನಲ್ಲೇ ಜಕ್ಕೂರಿಗೆ ಮದುವೆಗೆ ಹೊರಟಿದ್ದರು. ಹೆಬ್ಬಾಳದ ಬಂಕಿನಲ್ಲಿ ಪೆಟ್ರೋಲು ಹಾಕುವಾಕೆ, "ಸಾದಾನಾ, ಪ್ರೀಮಿಯಮ್ಮಾ ಸಾರ್?" ಎಂದಳು. ಅನಂತರಾಜು, "ಡೀಸೆಲ್ ಹಾಕಮ್ಮ," ಎಂದರು.

ತಮಾಷೆ ಅಂದುಕೊಂಡು ವೇದಾ ನಕ್ಕಳು. ಅಪ್ಪ ನಗಲಿಲ್ಲ. ಅವಳು ತಾನೇ ಸಾದಾ ಪೆಟ್ರೋಲು ಹಾಕಿಸಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕೇಳಿದಳು.

"ಯಾವಾಗಿಂದ ಹಿಂಗಪ್ಪಾ?"

"ಯುಗಾದಿ ಆದಮೇಲೆ ಇರ್ಬೇಕು. ಬಾನೆಟ್ ಎತ್ತಿದ್ರೆ ಯಾವುದು ಏನು ಅಂತ ಹೊಳೆಯಲ್ಲ. ಮೊನ್ನೆ ಒಬ್ಬರ ಗಾಡಿ ಬ್ರೇಕ್ ಬಿಚ್ಚಿದೋನು ವಾಪಸ್ ಜೋಡಿಸೋಕೆ ಬರದೆ ಅತ್ತುಬಿಟ್ಟೆ. ನಿಮ್ಮಮ್ಮಂಗೂ ಹೇಳಿಲ್ಲ."

ಅವರು ಮದುವೆಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದರು. ಇದು ಮರೆವಿನ ಕಾಯಿಲೆ, ವಾಸಿಯಾಗುವುದಲ್ಲ ಎಂದು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು. ಗ್ಯಾರೇಜ್ ಮುಚ್ಚುವ ಮಾತನ್ನು ಅನಂತರಾಜು ಅವರೇ ಎತ್ತಿದರು. "ನಾನು ಮುಟ್ಟಿದ ಗಾಡೀಲಿ ಯಾರೂ ಸಾಯಬಾರದು," ಎಂದರು.

ಈಗ ಒಮ್ಮೊಮ್ಮೆ ಅವರಿಗೆ ಮಗಳ ಹೆಸರೂ ಬಾಯಿಗೆ ಬರುವುದಿಲ್ಲ. ಭಾನುವಾರ ಅವಳು ಅವರನ್ನು ಕಾರಿನಲ್ಲಿ ಸುತ್ತಾಡಿಸುತ್ತಾಳೆ. ಕಾರು ಬ್ಯಾಟರಿಯಲ್ಲಿ ಸದ್ದಿಲ್ಲದೆ ಓಡತೊಡಗಿದರೆ, ಇಂಜಿನ್ ಕೆಟ್ಟಿತೆಂದು ಹೆದರಿ ಅವಳ ತೋಳು ಹಿಡಿದುಕೊಳ್ಳುತ್ತಾರೆ.