ಏಣಿಯಣ್ಣನಿಗೆ ವಾಸಿಯಾದದ್ದು

ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರೂ ಅವನನ್ನು ಏಣಿಯಣ್ಣ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಉರಿಯುವ ಮಹಡಿಗಳ ಮೇಲೆ ದಂಡೆತ್ತಿ ಹೋಗಿ, ಒಂದು ಬೆಕ್ಕೂ ಸೇರಿದಂತೆ ನಲವತ್ತೊಂದು ಜೀವಗಳನ್ನು ಹೆಗಲ ಮೇಲೆ ಹೊತ್ತು ತಂದ ವೀರ. ಆದರೆ ಆರು ತಿಂಗಳ ಹಿಂದೆ ಒಂದು ಬಟ್ಟೆ ಕಾರ್ಖಾನೆಯಲ್ಲಿ, ಅವನ ಕೈ ತಲುಪುವ ಮೊದಲೇ, ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಬೆಂಕಿಯೊಳಕ್ಕೆ ಕುಸಿದಳು. ಅಂದಿನಿಂದ ಏಣಿಯ ಮೂರನೇ ಮೆಟ್ಟಿಲಿನಿಂದಲೇ ಅವನು ಕೆಳಗಿಳಿದುಬಿಡುತ್ತಿದ್ದ.

ಇಲಾಖೆ ಮಹಾ ಔದಾರ್ಯದಿಂದ ಮನೋವೈದ್ಯೆಯೊಬ್ಬರನ್ನು ಕರೆಸಿತು. ಎಲ್ಲ ಹೇಳಿಕೊಂಡೇ ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಏಣಿಯಣ್ಣ ಹೋದ. ಭೇಟಿ ನಡೆದದ್ದು ಠಾಣೆಯ ಮುಖ್ಯಸ್ಥ ಸಾಹೇಬರ ಕೋಣೆಯಲ್ಲಿ, ಸಾಹೇಬರ ಸಮೇತ.

"ನೀವು ಸ್ವಲ್ಪ ಹೊರಗಿದ್ರೆ..." ಎಂದರು ವೈದ್ಯೆ.

"ನಾನೇನು ಹೊರಗಿನವನಾ ಮೇಡಂ? ಇವನು ನನ್ನ ತಮ್ಮ ಇದ್ದ ಹಾಗೆ. ಹೇಳಪ್ಪಾ, ಧೈರ್ಯವಾಗಿ ಹೇಳು. ಏಣಿ ಹತ್ತೋಕಾಗಲ್ಲ ಅಂದ್ರೆ ಉಗ್ರಾಣದಲ್ಲಿ ಪೈಪ್ ಸುತ್ತೋ ಕೆಲಸ ಇದ್ದೇ ಇದೆ," ಎಂದು ಸಾಹೇಬರು ಅಭಯವಿತ್ತರು.

"ನಿದ್ದೆ ಬರುತ್ತಾ?" ವೈದ್ಯೆ ಕೇಳಿದರು.

"ಹಾಸಿಗೆಗೆ ಬಿದ್ರೆ ಕೊರಡು, ಮೇಡಂ."

"ಭಯ?"

"ಹೆಂಡ್ತಿದು ಮಾತ್ರ."

ಸಾಹೇಬರು ಮೇಜು ಗುದ್ದಿ ನಕ್ಕರು. ವೈದ್ಯೆ ನಗಲಿಲ್ಲ, ಆದರೆ ಹೇಳಿದ್ದನ್ನಷ್ಟೇ ಬರೆದುಕೊಂಡರು. ಹತ್ತೇ ನಿಮಿಷದಲ್ಲಿ ಆರು ತಿಂಗಳ ಕಾಯಿಲೆ ಮೊಹರು ಒತ್ತಿಸಿಕೊಂಡು ಗುಣವಾಯಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಹೇಳಿದ್ರಾ?"

"ಪೂರ್ತಿ ವಾಸಿಯಾಗಿದೆ ಅಂತ ಬರ್ಕೊಟ್ರು ಕಣೇ. ನಾಳೆಯಿಂದ ನಾನೇ ಮೊದಲು ಹತ್ಬೇಕಂತೆ."

ಅವಳು ಬೆಂಕಿಪೊಟ್ಟಣ ಚಾಚಿದಳು. "ಹಾಗಾದ್ರೆ ಇವತ್ತು ಒಲೆ ನೀವೇ ಹಚ್ಚಿ. ಚಹಾ ಕುಡಿಯೋಣ."

ಕಾರ್ಖಾನೆಯ ಆ ಬೆಂಕಿಯ ನಂತರ ಅವನು ಒಲೆಯ ಹತ್ತಿರ ಸುಳಿದಿರಲಿಲ್ಲ. ಪೊಟ್ಟಣವನ್ನು ಮುಟ್ಟದೆಯೇ ವೀರ, ತನಗೆ ಚಹಾ ಬೇಡವೆಂದ.